ತಿಳಿಯದೆ ಇರುವದು ನಿರ್ದೋಷವೋ?

ಬಾಳ್ಳುಪೇಟೆಯ ಸುತ್ತಲಿನ ಕಾಫಿ ತೋಟವೊಂದು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಹೋಗುವಾಗ ಕೊಳ್ಳುವವನು ಏನೇನು ನೋಡುತ್ತಾನೆ? ಗಡಿಕಲ್ಲು, ಪಹಣಿ, ನೆರಳಿನ ಮರ, ಗಿಡಗಳ ವಯಸ್ಸು, ನೀರಿನ ಅನುಕೂಲ ಇವೆಲ್ಲವನ್ನೂ ನೋಡುತ್ತಾನೆ. ಆದರೆ ಹಿಂದಿನವರು ಆ ಮಣ್ಣಿಗೆ ಏನನ್ನು ಸುರಿದರೆಂದು ಕೇಳುವವರು ವಿರಳ. ಕೇಳದೆ ಇದ್ದರೂ ತಾವಾಗಿ ಹೇಳುವವರು ಅದಕ್ಕಿಂತಲೂ ವಿರಳ. ಆದದರಿಂದ ನಾವು ಒಂದು ಪ್ರಶ್ನೆಯನ್ನು ವಿಚಾರಿಸೋಣ. ತನ್ನ ಭೂಮಿಯಲ್ಲಿ ವಿಷವಿದೆಯೋ ಎಂದು ಪರೀಕ್ಷಿಸದವನು, "ನನಗೆ ತಿಳಿದಿರಲಿಲ್ಲ" ಎಂದು ಹೇಳಿ ಹೊಣೆಯಿಂದ ತಪ್ಪಿಸಿಕೊಳ್ಳಬಹುದೋ?

ಈ ಶಂಕೆಗೆ ಕಾರಣವುಂಟು. ಹೇಗಂದರೆ, ಎಲೆತುಕ್ಕು ರೋಗಕ್ಕಾಗಿ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿದ ಬೋರ್ಡೋ ದ್ರಾವಣವನ್ನು ಕಾಫಿಗೆ ತಲೆಮಾರುಗಳಿಂದ ಸಿಂಪಡಿಸುತ್ತ ಬಂದಿದ್ದಾರೆ. ಅದರಲ್ಲಿರುವ ತಾಮ್ರವು ಕೊಳೆತು ಹೋಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿಯೇ ನಿಂತು, ಮಿತಿ ಮೀರಿದರೆ ಎರೆಹುಳುಗಳಿಗೂ ಬೇರುಗಳಿಗೂ ಕೇಡನ್ನುಂಟುಮಾಡುವದು. ಹುಳಿ ಮಣ್ಣಿನಲ್ಲಿ ಈ ಬಾಧೆ ಹೆಚ್ಚು. ಬಹಳ ಮಳೆ ಬೀಳುವ ನಮ್ಮ ಗುಡ್ಡಗಳ ಮಣ್ಣು ಹುಳಿಯಾದದ್ದೇ. ಬಿಳಿ ಕಾಂಡಕೊರಕಕ್ಕೆ ಮೊದಲು ಬಿ.ಎಚ್.ಸಿ.ಯನ್ನೂ ಆಮೇಲೆ ಲಿಂಡೇನನ್ನೂ ಕಾಂಡಕ್ಕೆ ಬಳಿದರು. ಇವುಗಳಲ್ಲಿ ಮೊದಲನೆಯದು 1997ರಲ್ಲಿಯೂ ಎರಡನೆಯದು 2013ರಲ್ಲಿಯೂ ನಮ್ಮ ದೇಶದಲ್ಲಿ ನಿಷೇಧಿಸಲ್ಪಟ್ಟವು. ಆದರೆ ಆಜ್ಞೆ ಹೊರಟ ದಿನವೇ ವಿಷವು ಮಣ್ಣನ್ನು ಬಿಟ್ಟು ಹೊರಡುವದಿಲ್ಲ.

ಅಂದು ಬಳಿದವರನ್ನು ನಾವು ದೂಷಿಸುವದಿಲ್ಲ. ಅವರು ಬಲ್ಲವರ ಮಾತು ಕೇಳಿ ಬೆಳೆಯನ್ನು ಉಳಿಸಿಕೊಂಡರು. ಆದರೆ ದೋಷ ಬೇರೆ, ಹೊಣೆ ಬೇರೆ. ಮಾಡಿದ್ದರಲ್ಲಿ ದೋಷವಿಲ್ಲದವನಿಗೂ ಆದದ್ದನ್ನು ತಿಳಿದುಕೊಳ್ಳುವ ಹೊಣೆಯುಂಟು.

ಕಾಯಿದೆ ಏನನ್ನುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ತನಗೆ ತಿಳಿದಿರುವ ಮುಖ್ಯ ದೋಷವನ್ನು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದಿದ್ದರೆ, ಮಾರುವವನು ಅವನಿಗೆ ತಿಳಿಸತಕ್ಕದ್ದು. ನ್ಯಾಯವಾದ ಮಾತೇ ಸರಿ. ಆದರೆ ಮನುಷ್ಯನ ಮನಸ್ಸು ಇಲ್ಲಿಯೂ ಒಂದು ಸಂದನ್ನು ಹುಡುಕುವದು: ತಿಳಿದರೆ ತಾನೇ ಹೇಳಬೇಕು, ತಿಳಿಯದೆಯೇ ಇದ್ದುಬಿಟ್ಟರಾಯಿತು! ಇದು ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಬೇಕೆಂದೇ ನೋಡದವನ ಅಜ್ಞಾನವು ಮಗುವಿನ ಅಜ್ಞಾನದಂಥದಲ್ಲ. ಅದು ಬಾಗಿಲಿಗೆ ತಾನೇ ಹಾಕಿಕೊಂಡ ಬೀಗ.

"ನನ್ನಲ್ಲಿ ಮಣ್ಣಿನ ಆರೋಗ್ಯ ಚೀಟಿ ಇದೆಯಲ್ಲಾ" ಎಂದು ಒಬ್ಬನು ಹೇಳಾನು. 2015ರಲ್ಲಿ ಆರಂಭವಾದ ಆ ಯೋಜನೆಯ ಚೀಟಿಯು ಹುಳಿ, ಲವಣ, ಸಾರಜನಕ, ರಂಜಕ, ಪೊಟ್ಯಾಷ್ ಮುಂತಾದ 12 ಗುಣಗಳನ್ನು ತಿಳಿಸುವದು. ಬೆಳೆಗೆ ಏನು ಕಡಿಮೆಯೆಂದು ತಿಳಿಯಲು ಅದು ಒಳ್ಳೇದು. ಕೀಟನಾಶಕದ ಶೇಷ ಎಷ್ಟೆಂಬದನ್ನು ಅದು ಹೇಳುವದಿಲ್ಲ.

ಮತ್ತೊಬ್ಬನು, "ಬಡವನು ಪರೀಕ್ಷೆಗೆ ಹಣವನ್ನು ಎಲ್ಲಿಂದ ತಂದಾನು?" ಎಂದು ಕೇಳಾನು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಪರೀಕ್ಷೆಯ ಮೊದಲ ಭಾಗಕ್ಕೆ ಹಣ ಬೇಡ. ಔಷಧಿ ಕಲಸಿದ ತೊಟ್ಟಿ ಎಲ್ಲಿತ್ತು, ಡಬ್ಬಗಳನ್ನು ಎಲ್ಲಿ ತೊಳೆದರು, ಎಲ್ಲಿ ಹೂಳಿದರು ಎಂದು ಹಳೆಯ ಆಳುಗಳನ್ನು ಕೇಳಬೇಕು. ಹುಲ್ಲು ಹುಟ್ಟದ ಸ್ಥಳವನ್ನೂ ಎರೆಹುಳು ಕಾಣದ ಮಣ್ಣನ್ನೂ ನೋಡಬೇಕು. ಗೊಬ್ಬರದ ಲೆಕ್ಕಕ್ಕಾದರೆ 10ರಿಂದ 15 ಕಡೆಯ ಮಣ್ಣನ್ನು ಬೆರೆಸಿ ಕಳುಹಿಸುವದು ವಾಡಿಕೆ. ವಿಷದ ಪರೀಕ್ಷೆಗೆ ಹಾಗೆ ಮಾಡಬಾರದು. ಸಂಶಯದ ಸ್ಥಳದ ಮಣ್ಣನ್ನು ಬೇರೆಯಾಗಿಯೇ ತೆಗೆಯಬೇಕು. ಯಾಕಂದರೆ ಒಳ್ಳೇ ಮಣ್ಣಿನೊಂದಿಗೆ ಬೆರೆಸಿದರೆ ಕೆಟ್ಟದ್ದು ಮರೆಯಾಗುವದು. ಹತ್ತಿರದ ಬಾವಿಯ ನೀರನ್ನೂ ಮರೆಯಬಾರದು. ಪ್ರಯೋಗಾಲಯದ ವೆಚ್ಚವನ್ನು ಒಂದೇ ಹಳ್ಳದ ನೀರು ಕುಡಿಯುವ ನೆರೆಯವರು ಹಂಚಿಕೊಳ್ಳಬಹುದು. ದೊಡ್ಡ ತೋಟದವನು ಹೆಚ್ಚು ಕೊಡುವದು ನ್ಯಾಯ.

ತಡವಾಗಿ ನೋಡಿದ್ದರ ಫಲವನ್ನು ಘಟ್ಟದ ಕೆಳಗಿನವರು ಬಲ್ಲರು. ಕಾಸರಗೋಡಿನ ಗೇರುತೋಪುಗಳ ಮೇಲೆ 2000ನೆಯ ಇಸವಿಯ ವರೆಗೆ, 20ಕ್ಕಿಂತ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲ್ಪಟ್ಟಿತು. ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ಮೋಹನ ಕುಮಾರರು ತಮ್ಮ ಬಳಿಗೆ ಬಂದ ರೋಗಿಗಳನ್ನು ಗಮನಿಸಿ ಎಚ್ಚರಿಸಿದರು. ದೇಶಕ್ಕೆಲ್ಲಾ ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದದ್ದು 2011ರ ಮೇ 13ರಂದು. ಅಷ್ಟರಲ್ಲಿ ಎಷ್ಟೋ ಮಕ್ಕಳ ಬಾಲ್ಯವು ಹಾಸಿಗೆಯಲ್ಲಿಯೇ ಕಳೆದಿತ್ತು.

ನಿಜವನ್ನು ಹೇಳಿದರೆ ತೋಟದ ಬೆಲೆ ಇಳಿಯಬಹುದು. ಅದು ಸಣ್ಣ ನಷ್ಟವಲ್ಲವೆಂದು ನಾವೂ ಬಲ್ಲೆವು. ಆದರೆ ಹೇಳದೆ ಇದ್ದರೆ ಆ ನಷ್ಟವು ಇಲ್ಲವಾಗುವದಿಲ್ಲ. ಬೇರೆಯವರ ತಲೆಯ ಮೇಲೆ ಹೋಗುವದು. ಕ್ರಯಪತ್ರಕ್ಕೆ ರುಜು ಹಾಕದ ಲೈನ್‌ಮನೆಯ ಕೂಸು ಆ ಬಾವಿಯ ನೀರನ್ನೇ ಕುಡಿಯುವದು. ಆದದರಿಂದ, ವಾಚಕರೇ, ಗಡಿಕಲ್ಲನ್ನು ತೋರಿಸುವ ದಿನವೇ ಹಳೆಯ ತೊಟ್ಟಿಯ ಸ್ಥಳವನ್ನೂ ತೋರಿಸೋಣ.