ಯಂತ್ರ ಸುಮ್ಮನಿದ್ದರೆ ತಪ್ಪಿಲ್ಲವೆಂದೇ?

ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಮುಖ್ಯರಸ್ತೆಗಳಲ್ಲಿ ಬಟ್ಟೆ ಅಂಗಡಿ, ಔಷಧಿ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಕ್ಯಾಡ್ ತರಬೇತಿ ಕೇಂದ್ರಗಳ ಬೋರ್ಡುಗಳು ಕಾಣುತ್ತವೆ. ಮೈಸೂರು ರಸ್ತೆಯಲ್ಲಿ 1963ರಲ್ಲಿ ಶುರುವಾದ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಕೆಂಗೇರಿಯ ಸುತ್ತ ಹಬ್ಬಿರುವ ಕಾಲೇಜುಗಳವರೆಗೆ ಮೆಕ್ಯಾನಿಕಲ್, ಸಿವಿಲ್ ಓದುವ ಹುಡುಗ ಹುಡುಗಿಯರು ಕಲಿಯಲು ಹಂಬಲಿಸುವ ವಿದ್ಯೆಗಳಲ್ಲಿ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಒಂದು. ಬ್ರಾಕೆಟ್ಟನ್ನೋ ಸೇತುವೆಯ ತೊಲೆಯನ್ನೋ ಸಾವಿರಾರು ಪುಟ್ಟ ಎಲಿಮೆಂಟುಗಳಾಗಿ ಒಡೆದು, ಭಾರ ಬಿದ್ದಾಗ ಎಲ್ಲಿ ಎಷ್ಟು ಸ್ಟ್ರೆಸ್ ಹುಟ್ಟುತ್ತದೆ, ಎಲ್ಲಿ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಕೆಲಸಕ್ಕೆ ಸೇರಿದವರಿಗೆ ಬೇಗನೆ ಎದುರಾಗುವುದು ಫೈಲ್ ಕನ್ವರ್ಷನ್, ಅಂದರೆ ಈ ಲೆಕ್ಕ ಮಾಡುವ ಒಂದು ಸಾಫ್ಟ್‌ವೇರಿನ ಫೈಲನ್ನು ಇನ್ನೊಂದಕ್ಕೆ ಒಗ್ಗಿಸುವ ಕೆಲಸ. ಗ್ರಾಹಕರು ಕಳಿಸಿದ ನ್ಯಾಸ್ಟ್ರಾನ್ ಫೈಲನ್ನು ಅಬಾಕಸ್‌ಗೆ ಬದಲಿಸಬೇಕು, ಅಬಾಕಸ್‌ನದನ್ನು ಆನ್ಸಿಸ್‌ಗೆ ಒಗ್ಗಿಸಬೇಕು. ಕನ್ವರ್ಷನ್ ಮುಗಿದು ಪರದೆಯ ತಳದಲ್ಲಿ ‘ಎರರ್ 0, ವಾರ್ನಿಂಗ್ 0’ ಎಂದು ಬಂದರೆ ಕೂತವರು ಸಮಾಧಾನದ ಉಸಿರು ಬಿಡುತ್ತಾರೆ.

ಆ ಸೊನ್ನೆ ಹೇಳುತ್ತಿರುವುದೇನು? ತಪ್ಪು ಕಾಣಲಿಲ್ಲ ಎಂದೋ, ತಪ್ಪು ಇಲ್ಲ ಎಂದೋ?

ಎರಡೂ ಒಂದೇ ಎನ್ನುವಂತೆ ದಿನ ಕಳೆಯುವುದು ಸುಲಭ. ಆದರೆ ಇವೆರಡರ ನಡುವಿನ ಅಂತರವನ್ನು ಅಳೆಯಲು ಭಾರತೀಯ ದರ್ಶನಕಾರರು ಶತಮಾನಗಳ ಕಾಲ ಜಗಳವಾಡಿದ್ದಾರೆ. ವಿಜಯನಗರದಿಂದ ಸ್ವಲ್ಪವೇ ದೂರದ ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಂಥ ಕಡೆ ಆ ಚರ್ಚೆ ಇಂದಿಗೂ ಪಾಠವಾಗಿ ಉಳಿದಿದೆ. ನೆಲದ ಮೇಲೆ ಗಡಿಗೆ ಇಲ್ಲ ಎಂದು ಒಬ್ಬನಿಗೆ ತಿಳಿಯುತ್ತದೆ; ಇಲ್ಲದ ವಸ್ತು ಕಣ್ಣಿಗೆ ತಾಕುವುದಿಲ್ಲ; ಹಾಗಾದರೆ ‘ಇಲ್ಲ’ ಎಂಬ ಅರಿವು ಬಂದದ್ದು ಎಲ್ಲಿಂದ? ಸುಮಾರು 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಮತ್ತು ಆಮೇಲಿನ ಅದ್ವೈತಿಗಳು ಇದಕ್ಕೆ ಅನುಪಲಬ್ಧಿ (ಕಾಣದಿರುವಿಕೆ) ಎಂಬ ಪ್ರತ್ಯೇಕ ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಒಪ್ಪಿದರು. ನೈಯಾಯಿಕರು ಪ್ರತ್ಯಕ್ಷವೇ ಸಾಕು ಎಂದರು. ಉಡುಪಿಯ ಮಧ್ವಾಚಾರ್ಯರ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಇಟ್ಟುಕೊಂಡು ಅಭಾವದ ಅರಿವನ್ನು ಅವುಗಳೊಳಗೇ ಸೇರಿಸಿತು.

ಜಗಳ ಹೀಗೆ ಹಲವು ಕವಲಾದರೂ ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೆ ಹಾಕಿದ ಒಂದು ಕಟ್ಟು ಬಹಳ ಬೆಲೆಯುಳ್ಳದ್ದು. ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸ್ಥಿತಿಯಲ್ಲಿ ಮಾತ್ರ, ಅದು ಕಾಣದಿರುವುದು ಅದರ ಅಭಾವಕ್ಕೆ ಸಾಕ್ಷಿ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಅದ್ವೈತಿ ಧರ್ಮರಾಜಾಧ್ವರೀಂದ್ರನ ‘ವೇದಾಂತ ಪರಿಭಾಷಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಧರ್ಮ ಅಧರ್ಮಗಳ ಉದಾಹರಣೆ ಕೊಡುತ್ತದೆ. ಪುಣ್ಯ ಪಾಪಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ಅವು ಇಲ್ಲವೆಂದು ತೀರ್ಮಾನಿಸಲಾಗದು, ಏಕೆಂದರೆ ಇದ್ದರೂ ಅವು ಕಣ್ಣಿಗೆ ಕಾಣುವಂಥವಲ್ಲ. ಪರದೆಯ ಸೊನ್ನೆಯ ಮುಂದೆ ಕೂತ ಎಂಜಿನಿಯರಿಗೆ ಇಷ್ಟು ನೇರವಾಗಿ ತಾಕುವ ಮಾತು ತಾಂತ್ರಿಕ ಕೈಪಿಡಿಗಳಲ್ಲೂ ಸಿಗುವುದು ಕಷ್ಟ.

ಹಾಗಾದರೆ ಫೈಲ್ ಬದಲಿಸುವ ಕನ್ವರ್ಟರ್, ಆಮೇಲೆ ಲೆಕ್ಕ ಬಿಡಿಸುವ ಸಾಲ್ವರ್ ಯಾವುದನ್ನು ಕಾಣಬಲ್ಲವು?

ನ್ಯಾಸ್ಟ್ರಾನ್ ಹುಟ್ಟಿದ್ದು 1960ರ ದಶಕದಲ್ಲಿ, ನಾಸಾದ ಆಶ್ರಯದಲ್ಲಿ, ತೂತು ಕೊರೆದ ಕಾರ್ಡುಗಳ ಕಾಲದಲ್ಲಿ. ಕಾರ್ಡಿಗೆ 80 ಅಕ್ಷರ, ಒಂದೊಂದು ಅಂಕಿಗೆ 8 ಅಕ್ಷರಗಳ ಜಾಗ. ಇಂದಿಗೂ ಆ ಫೈಲಿನ ಸಾಲುಗಳನ್ನು ಕಾರ್ಡ್ ಎಂದೇ ಕರೆಯುತ್ತಾರೆ. ಜಾಗ ಉಳಿಸಲು ಉಕ್ಕಿನ ಸಾಂದ್ರತೆಯನ್ನು 7.85-9 ಎಂದು ಬರೆಯುವುದುಂಟು. ಹತ್ತರ ಘಾತ ಎಂದು ಸೂಚಿಸುವ ‘ಇ’ ಅಕ್ಷರವೇ ಅಲ್ಲಿರುವುದಿಲ್ಲ. ಈ ಪದ್ಧತಿ ಗೊತ್ತಿಲ್ಲದ ಪ್ರೋಗ್ರಾಮು ಅಲ್ಲೇ ಎಡವುತ್ತದೆ. 20 ನೋಡ್‌ಗಳ, ಅಂದರೆ ಮೂಲೆ ಮತ್ತು ಅಂಚುಗಳಲ್ಲಿ ಕೂರುವ 20 ಬಿಂದುಗಳ, ಇಟ್ಟಿಗೆಯಾಕಾರದ ಎಲಿಮೆಂಟಿನ ಕಥೆ ಇನ್ನೊಂದು. ನ್ಯಾಸ್ಟ್ರಾನ್‌ನಲ್ಲಿ 13ರಿಂದ 16ರವರೆಗಿನ ನೋಡ್‌ಗಳು ನಿಂತ ಅಂಚುಗಳ ನಡುವೆ ಕೂರುತ್ತವೆ, ಅಬಾಕಸ್‌ನಲ್ಲಿ ಅದೇ ಸಂಖ್ಯೆಗಳು ಮೇಲಿನ ಮುಖದ ಅಂಚುಗಳಿಗೆ ಸೇರುತ್ತವೆ. ಕ್ರಮ ಅದಲುಬದಲು ಮಾಡದೆ ಹಾಗೇ ದಾಟಿಸಿದರೆ ಎಲಿಮೆಂಟು ಒಳಗೊಳಗೇ ತಿರುಚಿಕೊಳ್ಳುತ್ತದೆ. ಇಂಥ ಕಡೆ ಸಾಲ್ವರ್ ಸಾಮಾನ್ಯವಾಗಿ ಎಲಿಮೆಂಟಿನ ಗಾತ್ರ ಸೊನ್ನೆ ಅಥವಾ ಋಣ ಎಂದು ಎರರ್ ಕೊಟ್ಟು ನಿಂತುಬಿಡುತ್ತದೆ. ಆಕಾರ, ಕ್ರಮಸಂಖ್ಯೆ, ಕಾಗುಣಿತ ಇವೆಲ್ಲ ಯಂತ್ರಕ್ಕೆ ಬೆಳಕಿರುವ ಕೋಣೆ.

ಕತ್ತಲ ಕೋಣೆ ಬೇರೆ ಇದೆ. ನ್ಯಾಸ್ಟ್ರಾನ್ ಆಗಲಿ ಅಬಾಕಸ್ ಆಗಲಿ ಅಳತೆಯ ಮಾನಗಳನ್ನು ನೋಡುವುದೇ ಇಲ್ಲ. ಫೈಲಿನಲ್ಲಿ 100 ಎಂದಿದ್ದರೆ ಅದು 100 ಮಿಲಿಮೀಟರೋ ಮೀಟರೋ ಎಂದು ತಿಳಿದಿರಬೇಕಾದವರು ಮನುಷ್ಯರು. ಒಂದು ಉಕ್ಕಿನ ಬ್ರಾಕೆಟ್ಟನ್ನು ತೆಗೆದುಕೊಳ್ಳಿ. ಅಳತೆಗಳು ಮಿಲಿಮೀಟರಿನಲ್ಲಿ, ಭಾರ ನ್ಯೂಟನ್‌ನಲ್ಲಿ ಇವೆ. ಆಗ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 2,10,000 ಎಂದಿರಬೇಕು. ಬೇರೆ ಫೈಲಿನಿಂದ ಬಂದ ಮೆಟೀರಿಯಲ್ ಕಾರ್ಡಿನಲ್ಲಿ ಅದು ಮೀಟರ್ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಪಟ್ಟು ದೊಡ್ಡದಾಗಿ ಕೂತಿದೆ ಎನ್ನೋಣ. ಕನ್ವರ್ಟರ್ ಸುಮ್ಮನಿರುತ್ತದೆ, ಸಾಲ್ವರ್ ಸುಮ್ಮನೆ ಓಡುತ್ತದೆ. ಬಾಗುವಿಕೆ ನಿಜಕ್ಕಿಂತ ಹತ್ತು ಲಕ್ಷ ಪಟ್ಟು ಕಡಿಮೆ ಬರುತ್ತದೆ. ಆದರೆ ಸ್ಟ್ರೆಸ್ ಸರಿಯಾಗಿಯೇ ಬರುತ್ತದೆ! ಒಂದೇ ಲೋಹದ ಭಾಗಕ್ಕೆ ಬಲವನ್ನಷ್ಟೇ ಹಾಕಿದ ಸರಳ ಲೆಕ್ಕದಲ್ಲಿ ಸ್ಟ್ರೆಸ್ ಆ ಗುಣಾಂಕವನ್ನು ಅವಲಂಬಿಸುವುದೇ ಇಲ್ಲ. ಬಣ್ಣಬಣ್ಣದ ಸ್ಟ್ರೆಸ್ ಚಿತ್ರ ಒಂದನ್ನೇ ನೋಡಿ ಸಹಿ ಹಾಕುವವರಿಗೆ ಅನುಮಾನ ಹುಟ್ಟಲು ಕಾರಣವೇ ಇರುವುದಿಲ್ಲ. ಅದೇ ಫೈಲನ್ನು ನಾಳೆ ಕಂಪನದ ಲೆಕ್ಕಕ್ಕೆ ಬಳಸಿದವರು ಮೋಸಹೋಗುತ್ತಾರೆ.

ಇದು ಮೇಜಿನ ಮೇಲಿನ ಭಯವಷ್ಟೇ ಎನ್ನುವಂತಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹಿಂದೆ ಸರಿದು ಮತ್ತೆ ಕಾಣಲಿಲ್ಲ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡ ನ್ಯೂಟನ್-ಸೆಕೆಂಡ್ ಎಂದು ಓದಿತು. ವ್ಯತ್ಯಾಸ ಸುಮಾರು 4.45 ಪಟ್ಟು. ನೌಕೆ ಮಂಗಳದ ನೆಲದಿಂದ ಸುಮಾರು 57 ಕಿಲೋಮೀಟರಿನಷ್ಟು ಹತ್ತಿರಕ್ಕೆ ಇಳಿದಿತ್ತು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಪಥ ಸರಿಹೊಂದುತ್ತಿಲ್ಲ ಎಂಬ ಗುಮಾನಿ ಕೆಲವರಿಗೆ ಮೊದಲೇ ಇತ್ತು. ಅದು ವಿಧಿಪೂರ್ವಕವಾಗಿ ದಾಖಲಾಗಲಿಲ್ಲ. ಅಂಥ ದೂರದ ನೌಕೆಗಳ ದನಿ ಕೇಳಲು, ಕೆಂಗೇರಿ ದಾಟಿ ಹೋದರೆ ಸಿಗುವ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರಿನ ಆಂಟೆನಾ ಇದೆ. ಅದು ಸಿದ್ಧವಾದದ್ದು ಮೊದಲ ಚಂದ್ರಯಾನದ ಹೊತ್ತಿಗೆ, 2008ರಲ್ಲಿ. ಮಂಗಳಯಾನಕ್ಕೂ ಅದೇ ಕಿವಿಯಾಯಿತು, ಪೀಣ್ಯದ ಇಸ್ಟ್ರಾಕ್ ಕೇಂದ್ರ ನೌಕೆಯನ್ನು ನಡೆಸಿತು, 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಕಕ್ಷೆ ಸೇರಿತು. ಅಂಕಿಯ ಜೊತೆ ಅದರ ಮಾನವೂ ಪ್ರಯಾಣ ಮಾಡಬೇಕೆಂಬ ಶಿಸ್ತು ಅಂಥ ಕಡೆ ಜೀವನ್ಮರಣದ ವಿಷಯ.

ಇನ್ನು ವಾರ್ನಿಂಗ್. ಎರರ್ ಬಂದರೆ ಯಂತ್ರವೇ ನಿಲ್ಲುತ್ತದೆ. ಯಾರೂ ಆಯ್ಕೆ ಮಾಡಬೇಕಿಲ್ಲ. ವಾರ್ನಿಂಗ್ ಬಂದಾಗ ಯಂತ್ರ ತನ್ನ ಶಂಕೆಯನ್ನು ಮನುಷ್ಯರ ಮುಂದಿಟ್ಟು ಮುಂದೆ ಹೋಗುತ್ತದೆ. ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲೇ. ದೊಡ್ಡ ಮಾಡೆಲ್ ಒಂದರಲ್ಲಿ ಒಂದೇ ವಾರ್ನಿಂಗ್ ನೂರಾರು ಸಲ ಬರಬಹುದು, ಹೆಚ್ಚಿನವು ನಿರುಪದ್ರವಿ. ಅವುಗಳ ನಡುವೆ ‘ಈ ಕಾರ್ಡ್ ಅರ್ಥವಾಗಲಿಲ್ಲ, ಬಿಡಲಾಗಿದೆ’ ಎಂಬ ಒಂದು ಸಾಲು ಹುದುಗಿರುತ್ತದೆ, ಬಿಟ್ಟುಹೋದದ್ದು ಭಾರವನ್ನು ಬೋಲ್ಟಿನ ಸುತ್ತ ಹಂಚುವ ಕೊಂಡಿ ಆಗಿರುತ್ತದೆ. ಎಲ್ಲವನ್ನೂ ಶಂಕಿಸುತ್ತ ಕೂತರೆ ಕೆಲಸ ಸಾಗದು. ಯಾವುದನ್ನೂ ಶಂಕಿಸದಿದ್ದರೆ ಸೇತುವೆ ನಿಲ್ಲದು.

ಮೀಮಾಂಸಕರು ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲವರು. ಅರಿವು ಹುಟ್ಟುತ್ತಲೇ ಪ್ರಮಾಣ, ಅದನ್ನು ಅಲ್ಲಗಳೆಯುವ ಇನ್ನೊಂದು ಅರಿವು ಬರುವವರೆಗೆ ನಂಬಬಹುದು ಎಂಬುದು ಅವರ ಸ್ವತಃಪ್ರಾಮಾಣ್ಯ ವಾದ. ಕಾರಣವಿಲ್ಲದೆ ಶಂಕಿಸಬೇಡಿ, ಕಾರಣವಿದ್ದು ಶಂಕಿಸಿದರೆ ಮೂರು ನಾಲ್ಕು ಅರಿವುಗಳಷ್ಟು ಮುಂದೆ ಹೋಗಿ ಪರೀಕ್ಷಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂದು ಕುಮಾರಿಲ ‘ಶ್ಲೋಕವಾರ್ತಿಕ’ದಲ್ಲಿ ಮಿತಿಯನ್ನೂ ಹಾಕುತ್ತಾನೆ. ತುಂಗಭದ್ರೆಯ ದಡದ ವಿಜಯನಗರದಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಗೌರವ ಪಡೆದ ಮಾಧ್ವ ಯತಿ ವ್ಯಾಸರಾಯರು ತಮ್ಮ ‘ತರ್ಕತಾಂಡವ’ವನ್ನು ಪ್ರಾಮಾಣ್ಯದ ಚರ್ಚೆಯಿಂದಲೇ ತೆರೆಯುತ್ತಾರೆ. ಮಾಧ್ವ ಸಿದ್ಧಾಂತದಲ್ಲಿ ಪರೀಕ್ಷೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಅದು ನಿಲ್ಲುವುದು ಸಾಕ್ಷಿಯಲ್ಲಿ, ಅಂದರೆ ಜೀವದ ಸ್ವರೂಪವೇ ಆದ ಚೈತನ್ಯದಲ್ಲಿ. ಯಂತ್ರಕ್ಕೆ ಸಾಕ್ಷಿ ಇಲ್ಲ. ಅದು ಸಾಲು ಮುದ್ರಿಸುತ್ತದೆ, ತಿಳಿಯುವುದಿಲ್ಲ. ಆದ್ದರಿಂದ ವಾರ್ನಿಂಗನ್ನು ಓದಿ ‘ಪರವಾಗಿಲ್ಲ’ ಎಂದು ತೀರ್ಮಾನಿಸುವ ಕ್ಷಣದಲ್ಲಿ ಹೊಣೆ ಪೂರ್ತಿಯಾಗಿ ಮನುಷ್ಯರ ಹೆಗಲಿಗೆ ಬರುತ್ತದೆ. ಸಾಫ್ಟ್‌ವೇರಿನ ಮೇಲೆ ಅದನ್ನು ಹೊರಿಸಲು ಯಾವ ದರ್ಶನವೂ ಒಪ್ಪುವುದಿಲ್ಲ.

ಸಂದೇಶ ಬಂದರೂ ಅದು ಸಂದೇಶವೆಂದು ಗುರುತಾಗದಿದ್ದರೆ? ಏರಿಯೇನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ ಆದದ್ದು ಅದೇ. 1996ರ ಜೂನ್ 4, ಫ್ರೆಂಚ್ ಗಯಾನಾದ ಕೌರೂ. ಏರಿಯೇನ್ 4ರಿಂದ ಬಂದ ಹಳೆಯ ಪ್ರೋಗ್ರಾಮು 64 ಬಿಟ್‌ಗಳ ಒಂದು ಅಂಕಿಯನ್ನು 16 ಬಿಟ್‌ಗಳಿಗೆ ಬದಲಿಸಲು ಹೋಯಿತು. ಹೊಸ ರಾಕೆಟ್ಟಿನ ವೇಗಕ್ಕೆ ಅಂಕಿ ದೊಡ್ಡದಾಗಿತ್ತು, ಹಿಡಿಸಲಿಲ್ಲ. ಪಥ ಹೇಳುವ ಕಂಪ್ಯೂಟರ್ ನಿಂತಿತು, ನಿಲ್ಲುವ ಮುನ್ನ ತನಗೇನಾಯಿತೆಂಬ ದೋಷದ ವಿವರವನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಮುಖ್ಯ ಕಂಪ್ಯೂಟರ್ ಆ ದೋಷದ ವಿವರವನ್ನೇ ಹಾರಾಟದ ಮಾಹಿತಿ ಎಂದು ಓದಿ ನಳಿಕೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು. ಮೇಲೆದ್ದು ನಿಮಿಷವೂ ಆಗುವ ಮೊದಲೇ ರಾಕೆಟ್ ಛಿದ್ರವಾಯಿತು, ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು.

ಫೈನೈಟ್ ಎಲಿಮೆಂಟ್ ವಿದ್ಯೆಯದೇ ದೊಡ್ಡ ದುರಂತ ನಾರ್ವೆಯದು. 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ಬುಡ, ಸ್ತಾವಂಗರ್ ಬಳಿ ನೀರಿಗಿಳಿಸಿ ಪರೀಕ್ಷಿಸುವಾಗಲೇ ಗೋಡೆ ಬಿರಿದು ಮುಳುಗಿತು. ನಷ್ಟ ಸುಮಾರು 70 ಕೋಟಿ ಡಾಲರ್. ಯಾರೂ ಸಾಯಲಿಲ್ಲ ಎಂಬುದೊಂದೇ ಸಮಾಧಾನ. ವಿಶ್ಲೇಷಣೆ ನಡೆದದ್ದು ನ್ಯಾಸ್ಟ್ರಾನ್‌ನಲ್ಲಿ. ಕೋಶಗಳು ಕೂಡುವ ಮೂಲೆಯಲ್ಲಿ ಎಲಿಮೆಂಟುಗಳ ಆಕಾರ ಸರಿಯಿರಲಿಲ್ಲ, ಅಲ್ಲಿನ ಕತ್ತರಿಸುವ ಒತ್ತಡವನ್ನು ಲೆಕ್ಕ 47 ಪ್ರತಿಶತ ಕಡಿಮೆ ತೋರಿಸಿತು. ಆಮೇಲೆ ಎಚ್ಚರಿಕೆಯಿಂದ ಮಾಡಿದ ಲೆಕ್ಕ 62 ಮೀಟರ್ ಆಳದಲ್ಲಿ ಗೋಡೆ ಸೋಲುತ್ತದೆ ಎಂದು ಹೇಳಿತು. ನಿಜವಾಗಿ ಸೋತದ್ದು 65 ಮೀಟರಿನಲ್ಲಿ.

ಆ ಎರಡನೆಯ ಲೆಕ್ಕದಂಥದ್ದು ಮೊದಲೇ ಆಗಬೇಕು. ಸೊನ್ನೆಯನ್ನು ಕೊಟ್ಟ ಯಂತ್ರವನ್ನೇ ಮತ್ತೆ ಕೇಳಿ ಪ್ರಯೋಜನವಿಲ್ಲ, ಬೇರೆ ದಿಕ್ಕಿನಿಂದ ಬಂದ ಅರಿವು ಬೇಕು. ಕನ್ವರ್ಟ್ ಆದ ಮಾಡೆಲಿನ ತೂಕವನ್ನು ಮೂಲದ ತೂಕಕ್ಕೆ ಹೋಲಿಸಿದರೆ ಸಾಂದ್ರತೆಯ ತಪ್ಪು ತಕ್ಷಣ ಹೊರಬೀಳುತ್ತದೆ. ಹಾಕಿದ ಭಾರದ ಮೊತ್ತ ಆಸರೆಗಳಲ್ಲಿ ಹುಟ್ಟಿದ ಪ್ರತಿಬಲದ ಮೊತ್ತಕ್ಕೆ ಸಮವಿದೆಯೇ ಎಂದು ನೋಡಬೇಕು. ಆಸರೆಗಳನ್ನೆಲ್ಲ ತೆಗೆದು ಕಂಪನದ ಲೆಕ್ಕ ಓಡಿಸಿದರೆ ಸೊನ್ನೆಗೆ ಸಮೀಪದ ಆವರ್ತನಗಳು ಸರಿಯಾಗಿ ಆರು ಬರಬೇಕು. ಏಳನೆಯದು ಬಂದರೆ ಎಲ್ಲೋ ಒಂದು ಕೊಂಡಿ ಕಳಚಿದೆ. ಬ್ರಾಕೆಟ್ಟಿನ ತುದಿ ಎಷ್ಟು ಬಾಗಬೇಕೆಂಬ ಅಂದಾಜನ್ನು ಕಾಗದದ ಮೇಲೆ ಐದು ನಿಮಿಷದಲ್ಲಿ ಹಾಕಿದ್ದರೆ ಹತ್ತು ಲಕ್ಷ ಪಟ್ಟಿನ ತಪ್ಪು ಉಳಿಯುತ್ತಿರಲಿಲ್ಲ. ಕುಮಾರಿಲ ಹೇಳಿದ ಮೂರು ನಾಲ್ಕು ಇಲ್ಲೇ ಪೂರೈಸುತ್ತದೆ.

ಮೈಸೂರು ರಸ್ತೆಯ ಕಾಲೇಜುಗಳಲ್ಲಿ, ವಿಜಯನಗರದ ಮಹಡಿಗಳಲ್ಲಿ ಈ ವಿದ್ಯೆ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಲ್ಯಾಬ್ ರೆಕಾರ್ಡಿನಲ್ಲಿ ಬಣ್ಣದ ಚಿತ್ರಗಳ ಜೊತೆಗೆ ಒಂದು ಪುಟ ಹೆಚ್ಚಿಗೆ ಬರೆಸಿ. ಯಾವ ವಾರ್ನಿಂಗ್ ಬಂದಿತ್ತು, ಅದನ್ನು ಏಕೆ ಬಿಟ್ಟೆವು, ಯಾವುದನ್ನು ನೋಡುವ ಶಕ್ತಿ ಈ ಸಾಫ್ಟ್‌ವೇರಿಗೆ ಇರಲೇ ಇಲ್ಲ, ಅದನ್ನು ಯಾರು ಹೇಗೆ ಪರೀಕ್ಷಿಸಿದರು ಎಂದು ವಿದ್ಯಾರ್ಥಿ ತನ್ನ ಕೈಬರಹದಲ್ಲಿ ಬರೆದು ಸಹಿ ಹಾಕಲಿ. ಅಂಕ ಕೊಡುವಾಗ ಆ ಪುಟವನ್ನು ಮೊದಲು ಓದಿ.