ಮೂಕ ಪಶುವೂ ಅದರ ವೈದ್ಯನೂ



ಭೀಮರಾಯನಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ವಾಸಿಸುವ ನಮಗೆ ದನಕರುಗಳ ಸಂಗತಿಯು ಹೊಸದಲ್ಲ. ಒಂದು ಕಾಲದಲ್ಲಿ ಮಳೆಯನ್ನೇ ನಂಬಿ ಜೋಳ ತೊಗರಿಗಳನ್ನು ಬಿತ್ತುತ್ತಿದ್ದ ಹೊಲಗಳಿಗೆ ಈಗ ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಹರಿದು ಬರುತ್ತದೆ, ಭತ್ತವೂ ಹತ್ತಿಯೂ ಬೆಳೆಯುತ್ತವೆ, ಟ್ರ್ಯಾಕ್ಟರುಗಳೂ ಬಂದಿವೆ. ಆದರೂ ಬಡವನ ಆಸ್ತಿಯೆಂದರೆ ಇಂದಿಗೂ ಒಂದು ಎಮ್ಮೆ, ಒಂದು ಜೋಡಿ ಎತ್ತು, ಇಲ್ಲವೆ ನಾಲ್ಕು ಆಡುಗಳೇ. ಇವುಗಳಲ್ಲಿ ಒಂದು ನೆಲಹಿಡಿದರೆ ಮನೆಯೇ ನೆಲಹಿಡಿದಂತಾಗುವದು. ಆದಕಾರಣ ನಮ್ಮಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ರೋಗದಲ್ಲಿ ಬಿದ್ದ ಪಶುವಿಗೆ ಔಷಧ ಮಾಡಿಸುವದು ಕರುಣೆಯೋ, ಇಲ್ಲವೆ ನಮ್ಮ ಹಣವನ್ನು ಕಾಪಾಡಿಕೊಳ್ಳುವ ಉಪಾಯವೋ?

ಇದಕ್ಕೆ ಉತ್ತರ ಹೇಳುವ ಮುಂಚೆ ಪಶುವೈದ್ಯನ ಬಾಳನ್ನು ಸ್ವಲ್ಪ ನೋಡೋಣ. ಮನುಷ್ಯರ ವೈದ್ಯನಿಗೆ ರೋಗಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳುವನು. ಪಶುವೈದ್ಯನ ರೋಗಿಗೆ ಬಾಯಿದ್ದರೂ ಮಾತಿಲ್ಲ. ಅವನು ಕಣ್ಣನ್ನು ನೋಡಿ, ಸಗಣಿಯನ್ನು ನೋಡಿ, ಮೈಯ ಕಾವನ್ನು ಅಳೆದು, ಎಡಗಡೆಯ ಪಕ್ಕೆಯ ಹಿಂದೆ ಮುಷ್ಟಿಯನ್ನೊತ್ತಿ ಹೊಟ್ಟೆಯ ಚಲನೆಯನ್ನು ತಿಳಿದುಕೊಳ್ಳಬೇಕು. ಅರ್ಧರಾತ್ರಿಯಲ್ಲಿ ಕರು ಅಡ್ಡವಾಗಿ ನಿಂತಿದೆಯೆಂದು ಕರೆ ಬಂದರೆ ಕೊಟ್ಟಿಗೆಯ ಕೆಸರಿನಲ್ಲಿ ಮಲಗಿ ತೋಳಿನ ತನಕ ಕೈಯಿಟ್ಟು ಅದನ್ನು ತಿರುಗಿಸಬೇಕು. ಕಂದು ಹಾಕುವ ರೋಗವುಳ್ಳ ಹಸುವಿನ ಕಸವನ್ನು ಮುಟ್ಟಿದರೆ ಆ ರೋಗವು ಅವನಿಗೇ ಅಂಟಿ ಜ್ವರದಿಂದ ಬಹುಕಾಲ ನರಳುವ ಭಯವುಂಟು. ಈ ಕೆಲಸಕ್ಕೆ ಸಿದ್ಧನಾಗುವದಕ್ಕೆ ಅವನು ಐದೂವರೆ ವರುಷ ಓದಿಯೂ ಕೈಕೆಲಸ ಕಲಿತೂ ಬರುತ್ತಾನೆ. ಇಷ್ಟಾದರೂ ಊರಿನವರು ಅವನನ್ನು “ದನದ ಡಾಕ್ಟರು” ಎಂದು ಹಗುರವಾಗಿ ಕರೆಯುವದನ್ನು ನಾವು ಕೇಳಿದ್ದೇವೆ. ಅವನ ಕೈಯಿಂದ ಬದುಕಿದ ಹಸುವಾದರೋ ಅವನಿಗೆ ಉಪಕಾರ ಹೇಳಲಾರದು.

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಸಭೆಯ ಸಹೋದರನೊಬ್ಬನ ಎತ್ತು ಕಾಲುವೆಯ ದಂಡೆಯಲ್ಲಿ ಎಳೆಯ ಹಸಿಮೇವನ್ನು ಅತಿಯಾಗಿ ಮೇಯ್ದು ಸಾಯಂಕಾಲಕ್ಕೆ ಹೊಟ್ಟೆ ಉಬ್ಬರಿಸಿ ನಿಂತಿತು. ಅವನು ಬಂದು ನಮ್ಮ ಆಲೋಚನೆಯನ್ನು ಕೇಳಿದನು. ರಾತ್ರಿಯ ಹೊತ್ತು ವೈದ್ಯರನ್ನು ಕರತರುವದಕ್ಕೆ ಗಾಡಿಯ ಖರ್ಚು ಯಾಕೆ, ಎಣ್ಣೆ ಕುಡಿಸಿ ಪ್ರಾರ್ಥನೆ ಮಾಡು, ಬೆಳಿಗ್ಗೆ ನೋಡೋಣ ಎಂದು ನಾವು ಹೇಳಿದೆವು. ಕೋಳಿ ಕೂಗುವದಕ್ಕೆ ಮುಂಚೆಯೇ ಎತ್ತು ಸತ್ತಿತು. ಬೆಳಿಗ್ಗೆ ಬಂದ ವೈದ್ಯರು ಯಾರನ್ನೂ ಗದರಿಸಲಿಲ್ಲ. ಎಡಪಕ್ಕೆಯ ಮೇಲೆ ಬೆರಳಿಟ್ಟು, ಇಲ್ಲಿ ಒಂದು ಕೊಳವೆಯನ್ನು ಚುಚ್ಚಿ ವಾಯುವನ್ನು ಬಿಟ್ಟಿದ್ದರೆ ಬದುಕುತ್ತಿತ್ತೇನೋ ಎಂದು ಮಾತ್ರ ಹೇಳಿದರು. ಪ್ರಾರ್ಥನೆಯು ತಪ್ಪಾಗಿರಲಿಲ್ಲ, ಪ್ರಾರ್ಥನೆಯನ್ನು ನಮ್ಮ ಸೋಮಾರಿತನಕ್ಕೆ ಮರೆಯಾಗಿ ಮಾಡಿಕೊಂಡದ್ದೇ ತಪ್ಪು. ಸಬ್ಬತ್ತಿನ ದಿವಸದಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ತಾನೇ ತಡಮಾಡದೆ ಎತ್ತದೆ ಇರುವನೆಂದು ನಮ್ಮ ಕರ್ತನು ಕೇಳಿದ ಸಂಗತಿಯು ಲೂಕನ ಸುವಾರ್ತೆಯಲ್ಲಿ ಉಂಟಲ್ಲವೇ? ಆ ರಾತ್ರಿ ಸಬ್ಬತ್ತೂ ಆಗಿರಲಿಲ್ಲ.

ಈಗ ಪ್ರಶ್ನೆಗೆ ಬರೋಣ. ನಮ್ಮ ಎತ್ತನ್ನು ನಮ್ಮ ಲಾಭಕ್ಕಾಗಿ ಬದುಕಿಸಿಕೊಳ್ಳುವದು ಪಾಪವಲ್ಲ. ಮಕ್ಕಳ ಅನ್ನವನ್ನು ಕಾಯುವದೂ ಧರ್ಮವೇ. ಆದರೆ ದೇವರು ಪಶುಗಳನ್ನು ಲೆಕ್ಕಿಸುವ ರೀತಿಯು ನಮ್ಮ ಲಾಭದ ಲೆಕ್ಕಕ್ಕಿಂತ ದೊಡ್ಡದು. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ನಿನೆವೆಯನ್ನು ಕರುಣಿಸಿದಾಗ ದೇವರು ಅಲ್ಲಿಯ ದನಗಳನ್ನೂ ನೆನಸಿಕೊಂಡನೆಂದು ಯೋನನ ಗ್ರಂಥವು ತಿಳಿಸುತ್ತದೆ. ಹಾಗಾದರೆ ನಮ್ಮ ಕರುಣೆಯು ನಿಜವೋ ಅಲ್ಲವೋ ಎಂಬದನ್ನು ಪರೀಕ್ಷಿಸುವದು ಹೇಗೆ? ಲಾಭವು ಮುಗಿದ ಸ್ಥಳದಲ್ಲಿಯೇ ಪರೀಕ್ಷೆಯು ಆರಂಭವಾಗುತ್ತದೆ. ಉಳುವ ಶಕ್ತಿಯಿಲ್ಲದ ಮುದಿ ಎತ್ತಿನ ಹುಣ್ಣಿಗೆ ಮುಲಾಮು ಹಚ್ಚುವೆವೋ? ನಮ್ಮದಲ್ಲದ ಎತ್ತು ನರಳಿದರೆ ನಿಲ್ಲುವೆವೋ?

ಈ ಎರಡನೆಯ ಮಾತಿನಲ್ಲಿ ವಿಮೋಚನಕಾಂಡವು ಬಹು ಕಠಿಣವಾದ ಅಪ್ಪಣೆಯನ್ನು ಕೊಡುತ್ತದೆ. ನಿನ್ನನ್ನು ದ್ವೇಷಿಸುವವನ ಕತ್ತೆಯು ಹೊರೆಯ ಕೆಳಗೆ ಬಿದ್ದಿದ್ದರೂ ದಾಟಿ ಹೋಗಬೇಡ, ನೆರವಾಗು ಎಂಬದೇ ಅದರ ತಾತ್ಪರ್ಯ. ರೋಗವೂ ಇದೇ ಪಾಠವನ್ನು ಕಲಿಸುತ್ತದೆ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ರಾಜ್ಯದ ದನಗಳನ್ನು ಪೀಡಿಸಿದಾಗ ಅದು ಗೌಡರ ಕೊಟ್ಟಿಗೆಯನ್ನೂ ನಮ್ಮ ಕೇರಿಯನ್ನೂ ಬೇರೆ ಮಾಡಲಿಲ್ಲ. ಹಿಂದಿನ ಕಾಲದಲ್ಲಿ ಊರೂರುಗಳ ದನಗಳನ್ನು ಅಳಿಸಿದ ರಿಂಡರ್‌ಪೆಸ್ಟ್ ಎಂಬ ದೊಡ್ಡ ರೋಗದ ಕಾಟದಿಂದಲೇ 1761ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಯೂರೋಪಿನ ಮೊದಲನೆಯ ಪಶುವೈದ್ಯ ಶಾಲೆಯು ಸ್ಥಾಪನೆಯಾಯಿತು. 250 ವರುಷಗಳ ತರುವಾಯ, 2011ರಲ್ಲಿ, ಆ ರೋಗವು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಅಳಿದುಹೋದ ರೋಗವು ಇದೊಂದೇ. ಹಳ್ಳಿಹಳ್ಳಿಗೆ ನಡೆದುಹೋಗಿ ಮಿತ್ರನ ದನ ಶತ್ರುವಿನ ದನವೆನ್ನದೆ ಲಸಿಕೆ ಹಾಕಿದವರು ಹೆಸರು ತಿಳಿಯದ ವೈದ್ಯರೂ ಅವರ ಸಹಾಯಕರೂ ಅಲ್ಲವೇ?

ಪ್ರಿಯರೇ, ನಮ್ಮ ಸಭೆಗಳ ಅನೇಕ ಮನೆತನಗಳ ಹಿರಿಯರು ಊರಿನ ಸತ್ತ ದನವನ್ನು ಎಳೆದುಕೊಂಡು ಹೋಗುವ ಬಿಟ್ಟಿಯನ್ನು ಹೊತ್ತಿದ್ದರು. ಬದುಕಿದ ದನವು ಊರಿನವರದು, ಸತ್ತದ್ದು ಮಾತ್ರ ನಮ್ಮದು ಎಂಬಂತಿತ್ತು. ನೆರಡಿ ರೋಗದಿಂದ ಸತ್ತ ದನದ ಚರ್ಮವನ್ನು ಸುಲಿಯುವವರಿಗೂ ಆ ರೋಗವು ಅಂಟುವದು. ಹೀಗೆ ನಮ್ಮವರು ಪ್ರಾಣಾಪಾಯವನ್ನೂ ಅವಮಾನವನ್ನೂ ಕೂಡಿಯೇ ಸಹಿಸಿಕೊಂಡರು. ಇಂದು ಅವರ ಮೊಮ್ಮಕ್ಕಳಿಗೆ ಬೀದರದ ಪಶುವೈದ್ಯ ಕಾಲೇಜಿನ ಬಾಗಿಲು ತೆರೆದಿದೆ. ನಮ್ಮ ಮಗನಾಗಲಿ ಮಗಳಾಗಲಿ ವೈದ್ಯರಾಗಿ ಬಂದು, ಒಂದಾನೊಂದು ದಿನ ನಮ್ಮ ಅಜ್ಜನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ ಮನೆಯ ಕೊಟ್ಟಿಗೆಗೆ ಹೋಗಿ ಬದುಕಿರುವ ಎತ್ತಿನ ಮೇಲೆ ಕೈಯಿಟ್ಟರೆ ಹೇಗಿರುವದು? ಹಳೆಯ ನೋವನ್ನು ಮರೆತೆವೆಂದು ನಾವು ಸುಳ್ಳು ಹೇಳಬೇಕಾಗಿಲ್ಲ. ಆ ಅನ್ಯಾಯವನ್ನು ಅನ್ಯಾಯವೆಂದೇ ಹೇಳೋಣ. ಆದರೆ ಆ ಎತ್ತು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಅದರ ನೋವು ದೇವರಿಗೆ ಮಾತ್ರ ಸಲ್ಲುವ ಮೊರೆಯಾಗಿದೆ. ಅದನ್ನು ಕೇಳುವ ಕಿವಿಯು ನಮಗೆ ದೊರೆತರೆ ಅದೇ ನಮ್ಮ ನಿಜವಾದ ಬಿಡುಗಡೆ.

ಆದುದರಿಂದ ಪಶು ನರಳಿದ ಹೊತ್ತಿಗೇ ವೈದ್ಯನನ್ನು ಕರೆಯಿರಿ. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಆಸ್ಪತ್ರೆಯ ಗಾಡಿಯನ್ನು ಕೇಳಬಹುದು. ರೋಗವನ್ನು ಮುಚ್ಚಿಡಬೇಡಿರಿ. ನೆರಡಿ ರೋಗದ ಸಂಶಯವಿದ್ದರೆ ಸತ್ತ ದನವನ್ನು ಕೊಯ್ಯದೆ ವೈದ್ಯನಿಗೆ ತಿಳಿಸಿರಿ. ವೈದ್ಯನು ಕೈಕಾಲು ತೊಳೆಯುವದಕ್ಕೆ ಬಿಸಿನೀರನ್ನೂ ಸಾಬೂನನ್ನೂ ಇಟ್ಟಿರಿ. ಬದುಕಿದ ಹಸುವು ಹೇಳಲಾರದ ಉಪಕಾರವನ್ನು ಅದರ ಪರವಾಗಿ ನೀವೇ ಹೇಳಿರಿ. ಮೂಕಪ್ರಾಣಿಗಳನ್ನು ಮರೆಯದ ಕರ್ತನು ನಮಗೂ ಅಂಥ ನೆನಪನ್ನು ಅನುಗ್ರಹಿಸಲಿ.