ಟನ್ನಿಗೆ ಎಷ್ಟು ಗ್ರಾಂ?

ಕೆಜಿಎಫ್ ಬಳಿಯ ಕ್ಯಾಸಂಬಳ್ಳಿ ಕಡೆಯ ಅಂಗಳಗಳಲ್ಲೂ ಈಗ ತುಳಸಿಯ ಪಕ್ಕ, ಸಕ್ಕರೆ ಕಾಯಿಲೆಗೆಂದು, ಇನ್ಸುಲಿನ್ ಗಿಡ ಬಂದು ಕೂತಿದೆ. ಸುರುಳಿ ಸುತ್ತಿಕೊಂಡು ಮೇಲೇಳುವ ಕಾಂಡ, ಅಗಿದರೆ ತುಸು ಹುಳಿ ಎನ್ನಿಸುವ ಎಲೆ. ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತಿತ್ತು. ಇನ್ಸುಲಿನ್ನನ್ನು ಸೂಜಿಯಲ್ಲಿ ಕೊಡುವುದೇ ಅದಕ್ಕೆ. ಹೀಗೆಂದರೆ ಯಾರೂ ಗಿಡ ಕೀಳುವುದಿಲ್ಲ, ಕೀಳಬೇಕಾಗಿಯೂ ಇಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನು ಅನುಮಾನಿಸುವ ಮನಸ್ಸು ಈ ಎಲೆಯನ್ನು ಇಷ್ಟು ಬೇಗ ನಂಬುವುದೇಕೆ?

ನನಗೆ ತೋರುವುದು ಇಷ್ಟು. ಮಾತ್ರೆ ನುಂಗಿದ ಗಳಿಗೆಯಿಂದ ನಾವು ರೋಗಿಗಳು. ಎಲೆಯನ್ನು ನಮ್ಮ ಕೈಯಾರೆ ಕಿತ್ತು ತಿಂದರೆ ಇನ್ನೂ ನಮ್ಮ ಮನೆಯವರೇ. ಡಾಕ್ಟರು ಹತೋಟಿ ಅನ್ನುತ್ತಾರೆ, ಅಂದರೆ ಬದುಕಿರುವವರೆಗೂ. ಡಬ್ಬಿಯಲ್ಲಿ ಬರುವ ಮೂಲಿಕೆ ಪುಡಿ ವಾಸಿ ಅನ್ನುತ್ತದೆ. (ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂಬ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಕೇಳುವವರಾರು?) ಜೊತೆಗೆ ಕಹಿಯ ಮೇಲಿನ ಭಕ್ತಿ: ಸಿಹಿ ತಿಂದ ತಪ್ಪಿಗೆ ಹಾಗಲ ರಸದ ದಂಡ. ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಸ್ವಲ್ಪ ಹೊತ್ತು ಸಿಹಿಯೇ ಗೊತ್ತಾಗುವುದಿಲ್ಲ. ಸಿಹಿ ಹೋದದ್ದು ನಾಲಿಗೆಯಿಂದ, ರಕ್ತದಿಂದಲ್ಲ.

ಹಾಗೆಂದು ಮೂಲಿಕೆಯೆಲ್ಲ ಸುಳ್ಳಲ್ಲ. ಮೆಂತ್ಯ, ಮಧುನಾಶಿನಿ ಸಕ್ಕರೆಯನ್ನು ತುಸು ಇಳಿಸಬಹುದೆಂದು ಸಣ್ಣ ಅಧ್ಯಯನಗಳು ಸೂಚಿಸಿವೆ. ಅಷ್ಟೇಕೆ, ಮೆಟ್‌ಫಾರ್ಮಿನ್ ಮಾತ್ರೆಯ ಹಿಂದಿರುವುದೂ ಯೂರೋಪಿನ ಗಲೀಗ ಎಂಬ ಗಿಡವೇ. ಕುರಿಗಳು ಮೇಯ್ದರೆ ಅದು ವಿಷ. ಅದರ ಸತ್ವದ ಜಾಡು ಹಿಡಿದು ಹೊರಟ ರಸಾಯನಶಾಸ್ತ್ರ, 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಕೈಯಲ್ಲಿ ಅಳತೆಯ ಮದ್ದಾಯಿತು. ಕೆಜಿಎಫ್ ಸೀಮೆಯವರಿಗೆ ಈ ಅಳತೆಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅದಿರಿನಲ್ಲಿ ಚಿನ್ನವಿದೆಯೆಂದು ಕಲ್ಲನ್ನೇ ಕೊರಳಿಗೆ ಕಟ್ಟಿಕೊಂಡವರು ಇಲ್ಲಿ ಯಾರೂ ಇಲ್ಲ. ಟನ್ನಿಗೆ ಎಷ್ಟು ಗ್ರಾಂ ಎಂಬುದೇ ಪ್ರಶ್ನೆ. ಆ ಲೆಕ್ಕ ಗಿಟ್ಟದೆ 2001ರಲ್ಲಿ ಗಣಿಯೇ ಮುಚ್ಚಿತು. ಪುಡಿಯ ಚಮಚದಲ್ಲಿ ಏನಿದೆ, ಎಷ್ಟಿದೆ ಎಂದು ಮಾತ್ರ ಕೇಳುವುದಿಲ್ಲ. ಟೊಮೇಟೊಗೆ ಔಷಧಿ ಹೊಡೆಯುವಾಗ ಮುಚ್ಚಳದಲ್ಲಿ ಅಳೆದು ಹಾಕುವ ರೈತನೂ ಕೇಳುವುದಿಲ್ಲ.

ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ಸಕ್ಕರೆ ತೀರ ಇಳಿದು, ಬೆವರಿ, ತಲೆಸುತ್ತಿ ಬೀಳಬಹುದು. ಮಾತ್ರೆ ಬಿಟ್ಟು ಪುಡಿಯನ್ನೇ ನಂಬಿದರೆ ಕಣ್ಣು, ಕಿಡ್ನಿ ಹಾಳಾಗುವುದು ನೋವಿಲ್ಲದೆಯೇ ಶುರುವಾಗುತ್ತದೆ. ತಿನ್ನುವವರನ್ನು ತಡೆಯಲಾರೆ. ಮಾತ್ರೆ ನಿಲ್ಲಿಸಬೇಡಿ, ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಪುಡಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.